ಇದ್ದುದಕ್ಕಿಂತ ಉತ್ತಮ ಸ್ಥಿತಿಯಲ್ಲಿ

ನಾನು ಬಿ.ಎ. ಪಾಸಾಗುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಶರಣಪ್ಪ. ಬಾಡಿಗೆ ಮನೆಗೆ ಕೊಟ್ಟ ಡಿಪಾಜಿಟ್ಟು ತಿರುಗಿ ಬರುವುದು ಸಾಧ್ಯವೇ ಇಲ್ಲ ಎಂದು ಹೇಳಿದವನೂ ಅವನೇ. ಮೊದಲನೆಯ ಮಾತು ಸುಳ್ಳಾಯಿತಲ್ಲ, ಹಾಗಾಗಿ ಎರಡನೆಯದೂ ಸುಳ್ಳಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದೆ. ತರ್ಕಶಾಸ್ತ್ರದಲ್ಲಿ ನನಗೆ ಎಷ್ಟು ಅಂಕ ಬಂದಿದ್ದವು ಎಂದು ಮಾತ್ರ ಯಾರೂ ಕೇಳಬಾರದು.

ಮಾವ ಕಮಲಾಪುರದಲ್ಲಿ ಬಾಳೆಹಣ್ಣಿನ ವ್ಯಾಪಾರಿ. ಅಲ್ಲಿಯ ಕೆಂಪು ಬಾಳೆಯ ಗೊನೆಯನ್ನು ಒಮ್ಮೆ ಬೆರಳಿನಿಂದ ಒತ್ತಿ, ಇದು ಯಾವ ದಿನ ಹಣ್ಣಾಗುತ್ತದೆ ಎಂದು ಹೇಳಬಲ್ಲ. ಈ ವಿದ್ಯೆ ಮನುಷ್ಯರ ಮೇಲೂ ನಡೆಯುತ್ತದೆ ಎಂಬುದು ಅವನ ತಿಳಿವಳಿಕೆ. "ನಮ್ಮ ಮನಿತನದಾಗ ಎಲ್ಲಾರಿಗೂ ಹೆಬ್ಬಟ್ಟು ಒತ್ತಾಕ ಬರ್ತದ. ಇದು ಹಣ್ಣಾಗೋ ಗೊನಿ ಅಲ್ಲ" ಎನ್ನುತ್ತಿದ್ದ. ಹಾಗೆನ್ನುತ್ತಲೇ ಪ್ರತಿ ವರ್ಷ ಫೀಸು ಕಟ್ಟುತ್ತಿದ್ದ. ನಾನು ಕಲಬುರಗಿಯ ಶಹಾಬಜಾರದ ಗಲ್ಲಿಯೊಂದರಲ್ಲಿ, ಒಬ್ಬ ಕಾಲು ಚಾಚಿದರೆ ಇನ್ನೊಬ್ಬ ಎದ್ದು ಕೂಡಬೇಕಾದಂಥ ಖೋಲಿಯಲ್ಲಿದ್ದು, ಸ್ಟೇಶನ್ ಬಜಾರದ ಲಾಡ್ಜಿನಲ್ಲಿ ಬಂದುಹೋದವರ ಹೆಸರು ಬರೆಯುತ್ತ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು, ಮೂರು ವರ್ಷದ ಡಿಗ್ರಿಯನ್ನು ಐದು ವರ್ಷದಲ್ಲಿ ಮುಗಿಸಿದೆ. ನಮ್ಮ ವಂಶದ ಮೊದಲ ಪದವೀಧರ. ಸರ್ಟಿಫಿಕೇಟಿಗೆ ಗಾಜಿನ ಫ್ರೇಮು ಹಾಕಿಸಿದ್ದೇನೆ. ಯಾವ ಮನೆಗೆ ಹೋದರೂ ಒಲೆ ಹೂಡುವ ಮೊದಲು ಅದಕ್ಕೊಂದು ಮೊಳೆ ಹೊಡೆಯುವುದು ನನ್ನ ಪದ್ಧತಿ. ಈ ಪದ್ಧತಿಯೇ ಮುಂದೆ ನನ್ನನ್ನು ಮುಳುಗಿಸಿತು.

ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ, ಮದುವೆಯೂ ಆದಮೇಲೆ, ಅದೇ ಊರಿನ ಜೇವರ್ಗಿ ಕಾಲೋನಿಯಲ್ಲಿ ಒಂದು ಮನೆ ಹಿಡಿದೆ. ಕಾಲೋನಿ ಎಂಬ ಶಬ್ದವೇ ನನಗೆ ಅರ್ಧ ಬಡ್ತಿಯಂತೆ ಕೇಳಿಸಿತ್ತು. ಮಾಲೀಕರು ಗುರುಲಿಂಗಪ್ಪ ಮಾಸ್ತರರು, ನಿವೃತ್ತ ಹೆಡ್‌ಮಾಸ್ತರು. ಮೇಲೆ ಅವರು, ಕೆಳಗೆ ನಾವು. ದೊಡ್ಡ ಡಿಪಾಜಿಟ್ಟು, ಮೇಲೆ ಆರು ತಿಂಗಳ ಬಾಡಿಗೆ ಮುಂಗಡ. ನನ್ನ ಹತ್ತಿರ ಅಷ್ಟು ಎಲ್ಲಿಂದ ಬರಬೇಕು? ಮಾವನೇ ಕೊಟ್ಟ. ಕೊಡುವಾಗ ಹೇಳಿದ, "ನೀರಾಗ ಹಾಕಾಕತ್ತೀನಿ ಅಂತ ತಿಳಿದೇ ಕೊಡಾಕತ್ತೀನಿ, ಅಳಿಯಾ. ಇದನ್ನ ತಿರುಗಿ ತಂದು ನನ್ನ ಕೈಯಾಗ ಇಟ್ಟ ದಿನ ನೀ ಖರೇ ಬಿ.ಎ. ಅಂತೀನಿ."

ಕರಾರು ಪತ್ರ ಬರೆಸಲು ಕೋರ್ಟಿನ ಎದುರು ಕೂಡುವ ಬಾಂಡ್ ರೈಟರನ ಹತ್ತಿರ ಹೊರಟಿದ್ದೆ. ಮಾಸ್ತರರು ತಡೆದರು. "ಬಿ.ಎ. ಆದವ ಬ್ಯಾರೇದವನ ಕೈಲೆ ಯಾಕ ಬರಸ್ತಿ, ತಮ್ಮಾ? ನೀನೇ ಬರಿ" ಎಂದರು. ಇಷ್ಟು ಸಾಕಾಯಿತು. ಬಾಂಡ್ ರೈಟರುಗಳು 'ಇದ್ದ ಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು' ಎಂದು ಬರೆಯುತ್ತಾರೆ. ಆ ವಾಕ್ಯ ನನಗೆ ತೀರ ಬಡಪಾಯಿಯಾಗಿ ಕಂಡಿತು. ನಾನು ಬರೆದೆ: 'ಸದರಿ ಮನೆಯನ್ನು ನಾನು ಪಡೆದಾಗ ಇದ್ದುದಕ್ಕಿಂತ ಉತ್ತಮ ಸ್ಥಿತಿಯಲ್ಲಿ ತಮಗೆ ಒಪ್ಪಿಸಿದ ನಂತರವೇ ಡಿಪಾಜಿಟ್ ಹಣವನ್ನು ಪಡೆಯತಕ್ಕದ್ದು.' ಮಾಸ್ತರರು ಎರಡು ಸಲ ಓದಿದರು. ಚಷ್ಮಾ ತೆಗೆದು ಒರೆಸಿಕೊಂಡು ಮೂರನೆಯ ಸಲ ಓದಿದರು. "ಇಂಥಾ ವಾಕ್ಯ ನನ್ನ ನೌಕರಿಯಾಗ ಓದಿದ್ದಿಲ್ಲ ನೋಡು" ಎಂದರು. ನಾನು ಅದನ್ನು ಹೊಗಳಿಕೆ ಎಂದು ತಿಳಿದುಕೊಂಡು ಒಂದು ವಾರ ಎದೆ ಉಬ್ಬಿಸಿ ತಿರುಗಿದೆ. ನನ್ನ ಹೆಂಡತಿ ಮಹಾದೇವಿ ಮಾತ್ರ, "ಅಲ್ರೀ, ಇದ್ದಂಗ ಕೊಡ್ತೀನಿ ಅಂತ ಬರದ್ರ ಸಾಲ್ತಿದ್ದಿಲ್ಲೇನು?" ಎಂದಳು. ಭಾಷೆಗೆ ಒಂದು ತೂಕ ಇರಬೇಕಾಗುತ್ತದೆ ಎಂದು ಅವಳಿಗೆ ತಿಳಿಸಿ ಹೇಳಿದೆ. ಅವಳು ರೊಟ್ಟಿ ಬಡಿಯಲು ಒಳಗೆ ಹೋದಳು. ಅವತ್ತು ಬಡಿತದ ಸದ್ದು ತುಸು ಜೋರಾಗಿತ್ತು.

ಮೂರು ತಿಂಗಳು ಮುಗಿಯುವಷ್ಟರಲ್ಲಿ ನನಗೆ ಕಮಲಾಪುರಕ್ಕೆ ವರ್ಗವಾಯಿತು. ಅಲ್ಲಿ ಒಂದು ಒಳ್ಳೆಯ ಮನೆಯೂ ಸಿಕ್ಕಿತು. ಅದರ ಒಡತಿ ಡಿಪಾಜಿಟ್ಟಿಗಾಗಿ ಮೂರು ತಿಂಗಳು ಕಾಯುತ್ತೇನೆಂದಳು, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ ಎಂದೂ ಹೇಳಿದಳು. ಅಲ್ಲಿಯವರೆಗೆ ನಾವಿಬ್ಬರೂ ಮಾವನ ಮುಂದಿನ ಖೋಲಿಯಲ್ಲಿ ಉಳಿದೆವು. ಅದು ಅವನು ಗೊನೆಗಳನ್ನು ಹಣ್ಣಿಗಿಡುವ ಖೋಲಿ. ಗೊನೆಗಳ ನಡುವೆ ಹಾಸಿಕೊಂಡು ಮಲಗಿ, ಅವುಗಳ ಜೊತೆ ನಾವೂ ಕೆಂಪಗೆ ಮಾಗುತ್ತಿದ್ದೆವು. ಮಾವ ದಿನಾ ಬೆಳಗ್ಗೆ ಬಂದು ಗೊನೆ ಒತ್ತಿ ನೋಡಿ, ನನ್ನ ಕಡೆ ತಿರುಗಿ, "ಏನು, ಬಂತೇನು?" ಎನ್ನುತ್ತಿದ್ದ.

ಮೊದಲ ರವಿವಾರ ಬಸ್ಸು ಹತ್ತಿ ಕಲಬುರಗಿಗೆ ಹೋದೆ. ಮಾಸ್ತರರ ಎದುರು ಕೂಡ್ರಲಾಗದೆ ಕೈಕಟ್ಟಿ ನಿಂತೆ. ಇದು ನನ್ನ ತಪ್ಪಲ್ಲ. ನಮ್ಮ ಮನೆತನದಲ್ಲಿ ಮಾಸ್ತರರ ಎದುರು ಕುರ್ಚಿಯಲ್ಲಿ ಕೂತವರು ಯಾರೂ ಇಲ್ಲ. ಉಳಿದ ಮೂರು ತಿಂಗಳ ಮುಂಗಡ ಬಾಡಿಗೆ ತಿರುಗಿ ಬೇಕು ಎಂದು ಮಾತು ತೆಗೆದೆ.

"ಮೂರು ತಿಂಗಳ ಎಲ್ಲಿ ಹೋಗ್ಯಾವ?" ಎಂದರು ಮಾಸ್ತರರು. "ಮನಿ ನಿಂದೇ ಅದ. ಬಂದು ಕೂಡು. ಯಾರು ಬ್ಯಾಡ ಅಂತಾರ?"

"ಡಿಪಾಜಿಟ್ಟರೀ, ಸರ್?"

"ಕೊಡ್ತೀನಲ್ಲ. ಹೊಸಾ ಬಾಡಿಗಿಯವರು ಬರಲಿ, ಅವರ ಡಿಪಾಜಿಟ್ಟು ನಿನಗ. ಇದು ಊರ ಪದ್ಧತಿ." ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ, ನನ್ನ ಪದವಿ ತೂಗಿದ್ದ ಮೊಳೆಯ ತೂತಿನಲ್ಲಿ ಕಿರುಬೆರಳಿಟ್ಟು ನೋಡಿದರು. "ಆದ್ರ ಮೊದಲ ಇದು ಇದ್ದಿದ್ದಿಲ್ಲ. ಉತ್ತಮ ಸ್ಥಿತಿ ಅಂತ ಬರದವ ನೀನೇ. ನಾ ಒತ್ತಾಯ ಮಾಡಂಗಿಲ್ಲ, ತಮ್ಮಾ. ನಿನ್ನ ವಾಕ್ಯಕ್ಕ ನೀ ಬೆಲಿ ಕೊಡು."

ಬೇರೆ ಯಾರೇ ಆಗಿದ್ದರೂ ಜಗಳ ತೆಗೆಯುತ್ತಿದ್ದರು. ಆದರೆ ಆ ವಾಕ್ಯ ನಾನು ಬರೆದದ್ದು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಹೀಗೆ ನಾನು ಪ್ರತಿ ರವಿವಾರ ಬಸ್ ಚಾರ್ಜು ಕೊಟ್ಟು ಜೇವರ್ಗಿ ಕಾಲೋನಿಯ ಖಾಲಿ ಮನೆಯಲ್ಲಿ ಕೂತು ಬರತೊಡಗಿದೆ. ರೊಕ್ಕವಾಗಿ ಬಾರದ ಬಾಡಿಗೆಯನ್ನು ಕೂತಾದರೂ ವಸೂಲು ಮಾಡಬೇಕೆಂಬುದು ನನ್ನ ಲೆಕ್ಕ. ಬರಿಯ ಪರಸಿ ಕಲ್ಲಿನ ನೆಲದ ಮೇಲೆ, ಪಂಖಾ ಕೂಡ ಇಲ್ಲದೆ, ಮಾವ ಕೊಟ್ಟ ಎರಡು ಬಾಳೆಹಣ್ಣು ತಿಂದುಕೊಂಡು ಸಾಯಂಕಾಲದವರೆಗೆ ಕೂಡ್ರುವುದು. ಕಲಬುರಗಿಯ ಬಿಸಿಲಿನಲ್ಲಿ ಅದು ಎಂಥ ವಸೂಲಿ ಎಂದು ಹೇಳಬೇಕಾಗಿಲ್ಲ. ಖಾಲಿ ಮನೆಯಲ್ಲಿ ಕೂತ ಮನುಷ್ಯನಿಗೆ ಗೋಡೆ ಬಿಟ್ಟರೆ ನೋಡಲು ಬೇರೆ ಏನಿದೆ? ಮೊಳೆಯ ತೂತು ಮುಚ್ಚಿದೆ. ಮುಚ್ಚಿದ ಜಾಗ ಎದ್ದು ಕಂಡಿತು, ಆ ಗೋಡೆಗೆ ಬಣ್ಣ ಹಚ್ಚಿದೆ. ಒಂದು ಗೋಡೆ ಹೊಸದಾದ ಕೂಡಲೇ ಉಳಿದ ಮೂರು ಗೋಡೆಗಳು ನನ್ನನ್ನು ಹಂಗಿಸಿದವು. ಮಾಸ್ತರರು ಆಗಾಗ ಇಳಿದು ಬಂದು, ನನ್ನ ಕಾಪಿಪುಸ್ತಕ ತಿದ್ದುವವರಂತೆ ಮೂಲೆ ಮೂಲೆ ನೋಡಿ, "ಛಲೋ ಆಗ್ಯಾದ. ನಳದ ಕಡೆ ಒಂದೀಟು ಲಕ್ಷ್ಯ ಕೊಡು" ಎಂದು ಹೇಳಿ ಹೋಗುತ್ತಿದ್ದರು. ಅವರು ಛಲೋ ಎಂದ ದಿನ ನಾನು ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯುತ್ತಿರಲಿಲ್ಲ. ನಾಚಿಕೆಗೇಡು, ಆದರೂ ನಿಜ.

ನಳ ಹೊಸದಾಯಿತು. ಬಾಗಿಲ ಚಿಲಕ ಹೊಸದಾಯಿತು. ಸೋರುತ್ತಿದ್ದ ಬಚ್ಚಲಿಗೆ ಸಿಮೆಂಟು ಬಿತ್ತು. ಮಹಾದೇವಿ ಒಂದು ದಿನ ಗೊನೆಗಳ ನಡುವಿನಿಂದ ಕೇಳಿದಳು, "ಅಷ್ಟು ಛಂದ ಮನಿ ಮಾಡಾಕತ್ತೀರಂತಲ್ರೀ, ನಾವು ಇದ್ದಾಗ ಆ ಬಚ್ಚಲ ಒಂದು ದಿನಾನೂ ನಿಮ್ಮ ಕಣ್ಣಿಗಿ ಬೀಳಲಿಲ್ಲಲ್ಲ?" ನಾನು ಸಿಮೆಂಟಿನ ಬಿಲ್ಲನ್ನು ಬಿ.ಎ. ಫ್ರೇಮಿನ ಹಿಂದೆ ಸಿಕ್ಕಿಸಿದೆ.

ಕೊನೆಯ ರವಿವಾರ ಬಂತು. ಮರುದಿನ ಕಮಲಾಪುರದ ಒಡತಿಯ ಗಡುವು ಮುಗಿಯುತ್ತಿತ್ತು. ಮಾಸ್ತರರು ಇಡೀ ಮನೆ ಸುತ್ತಿ, ಕೈಯಿಂದ ಗೋಡೆ ಸವರಿದರು. ಆಮೇಲೆ ಅವರ ಕಣ್ಣು ತುಂಬಿ ಬಂತು. "ತಮ್ಮಾ, ಇದು ನನ್ನ ಮನಿ ಅಂತ ನನಗೇ ನಂಬಕಿ ಬರವಲ್ದು. ಇಂಥಾ ಮನಿ ಬ್ಯಾರೇದವರಿಗಿ ಕೊಡಾಕ ಮನಸಿಲ್ಲ. ಮಗಳು, ಅಳಿಯ ಬಂದು ಇರ್ತಾರ."

ನನಗೆ ನೆಲ ಕುಸಿದಂತಾಯಿತು. ಆ ನೆಲದ ಸಂದಿಗಳಿಗೂ ಹಿಂದಿನ ವಾರ ನಾನೇ ಸಿಮೆಂಟು ತುಂಬಿದ್ದೆ. "ಸರ್, ಡಿಪಾಜಿಟ್ಟು..." ಎಂದೆ.

"ಅಳಿಯಗ ಡಿಪಾಜಿಟ್ಟು ಕೇಳಾಕ ಬರ್ತದೇನು, ಹೇಳು? ಹೊಸಾ ಡಿಪಾಜಿಟ್ಟು ಬಂದ್ರ ತಾನೇ ಹಳೇದು ಕೊಡೋದು. ಎಲ್ಲಿ ಹೋಗ್ತದ ರೊಕ್ಕ? ಪಿಂಚಣಿದಾಗ ಉಳಿಸಿ ಒಂದೊಂದೇ ಕೊಡ್ತೀನಿ." ಹಾಗೆಂದು ಮೇಲೆ ಹೋದರು. ಇಳಿದು ಬರುವಾಗ ಕೈಯಲ್ಲಿ ಒಂದು ಹಾಳೆ ಇತ್ತು. ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ನೀಲಿ ಶಾಯಿಯಲ್ಲಿ ಮುತ್ತಿನಂಥ ಅಕ್ಷರ: 'ಶ್ರೀ ಮಲ್ಲಿನಾಥ, ಬಿ.ಎ., ಇವರು ನನ್ನ ಮನೆಯನ್ನು ಇದ್ದುದಕ್ಕಿಂತ ಉತ್ತಮ ಸ್ಥಿತಿಯಲ್ಲಿ ಒಪ್ಪಿಸಿರುತ್ತಾರೆಂದು ಪ್ರಮಾಣೀಕರಿಸಲಾಗಿದೆ. ಇವರ ನಡತೆ ಉತ್ತಮ.' ಕೆಳಗೆ ಸಹಿ.

ನಾನು ಆಗ ಏನು ಮಾಡಬೇಕಿತ್ತೋ ಅದನ್ನು ನೀವು ಈಗಾಗಲೇ ಮನಸ್ಸಿನಲ್ಲಿ ಮಾಡಿ ಮುಗಿಸಿರುತ್ತೀರಿ. ನಾನು ಮಾಡಿದ್ದು ಇಷ್ಟು: ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಅವರ ಕಾಲಿಗೆ ನಮಸ್ಕಾರ ಮಾಡಿದೆ. ಬಸ್ಸಿನಲ್ಲಿ ನಾಲ್ಕು ಸಲ ಓದಿದೆ. ಹೆಸರಿನ ಮುಂದೆ ಬಿ.ಎ. ಎಂದು ಯಾರಾದರೂ ತಾವಾಗಿ ಬರೆದದ್ದು ಅದೇ ಮೊದಲು.

ಕಮಲಾಪುರದಲ್ಲಿ ಮಾವ ಗೊನೆ ಇಳಿಸುತ್ತಿದ್ದ. "ಬಂತೇನು?" ಎಂದ. ನಾನು ಹಾಳೆ ಕೊಟ್ಟೆ. ಓದಲು ಬಾರದವನಾದ್ದರಿಂದ ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಿಕೆಯಲ್ಲಿ ನೋಟು ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಓದು" ಎಂದ. ಓದಿದೆ. ಮಹಾದೇವಿ ಬಾಗಿಲಲ್ಲಿ ನಿಂತು ಕೇಳಿದಳು. ಒಳಗೆ ಹೋಗಿ, ಹೊಸ ಮನೆಗೆಂದು ಕಟ್ಟಿಟ್ಟಿದ್ದ ಪಾತ್ರೆಗಳ ಗಂಟು ಬಿಚ್ಚತೊಡಗಿದಳು.

ಮಾವ ಮೊದಲು ನನ್ನನ್ನು ನೋಡಿದ. ಆಮೇಲೆ ಗೋಡೆಯ ಮೇಲೆ, ಗೊನೆಗಳ ಸಂದಿಯಲ್ಲಿ ತೂಗುತ್ತಿದ್ದ ನನ್ನ ಪದವಿಯನ್ನು ನೋಡಿದ. ಹಾಳೆಯನ್ನು ಮುದುಡದಂತೆ ನನ್ನ ಕೈಗೆ ಕೊಟ್ಟ.

"ಅದಕ್ಕ ಐದು ವರ್ಷ ಫೀಸು ಕಟ್ಟೀನಿ, ಅಳಿಯಾ. ಎಲ್ಲಾ ಕೂಡಿಸಿದ್ರೂ ಇದಕ್ಕ ಹೋದಷ್ಟು ಹೋಗಿಲ್ಲ. ಇದರ ಫ್ರೇಮು ಅದಕ್ಕಿಂತ ದೊಡ್ಡದು ಹಾಕಸು. ಮೊಳಿ ಮಾತ್ರ ನನ್ನ ಗ್ವಾಡಿಗೇ ಹೊಡಿ. ನಾ ಡಿಪಾಜಿಟ್ಟು ತಗೊಂಡಿಲ್ಲ."