ನಮ್ಮ ಮಾವನ ಜಾಜು

ಅಮೆರಿಕದ ಜಾಜ್ ಸಂಗೀತದ ಚರಿತ್ರೆಯನ್ನು ಹುಟ್ಟಿನಿಂದ ಇವತ್ತಿನವರೆಗೆ ಬಾಯಿಪಾಠ ಒಪ್ಪಿಸಬಲ್ಲವರು ಚನ್ನಪಟ್ಟಣ ತಾಲ್ಲೂಕಿನಲ್ಲಿ ಒಬ್ಬರೇ ಒಬ್ಬರಿದ್ದಾರೆ. ಅವರು ನನ್ನ ಸೋದರಮಾವ. ಆ ಸಂಗೀತಗಾರರಲ್ಲಿ ಒಬ್ಬನ ಹೆಸರೂ ಅವರಿಗೆ ಗೊತ್ತಿಲ್ಲ, ಅದು ಬೇರೆ ಮಾತು.

ಹೆಸರೇ ಗೊತ್ತಿಲ್ಲದೆ ಅದೆಂಥ ಚರಿತ್ರೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ರಾಮನಗರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವವನು ನಾನು. ಹೆಸರು, ಇಸವಿ ಎರಡೂ ಇಲ್ಲದ ಉತ್ತರಕ್ಕೆ ಅಂಕ ಕೊಟ್ಟು ಅಭ್ಯಾಸವಿಲ್ಲ. ಮಾವ ಲೇತಿನಿಂದ ಕಣ್ಣೆತ್ತದೆ ಹೇಳಿದರು:

"ನಿಮ್ಮ ತಾತನ ತಾತನ ಹೆಸ್ರೇನ್ಲಾ?"

ನನಗೆ ಗೊತ್ತಿರಲಿಲ್ಲ.

"ಅಂಗಂತ ಅವ್ನು ಇರ್ನೇ ಇಲ್ವಾ?"

ಮಾವ ಗೊಂಬೆ ಕೆಲಸದವರು. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವಾಗಲೇ ಉಳಿಯಿಂದ ಕಡೆದು, ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿದರೆ ಬುಗುರಿಯೋ ಗಿಲಕಿಯೋ ಹೊಳೆಯುತ್ತ ಹೊರಬರುತ್ತದೆ. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೂರು ಲೇತುಗಳು. ಹತ್ತಿರ ಹೋದವರು ಕಿರುಚಿ ಮಾತಾಡಬೇಕು. ಬಿಡದಿಯ ಕಡೆ ಕಾರ್ಖಾನೆಗಳು ಎದ್ದ ಮೇಲೆ ಬೀದಿಯ ಹುಡುಗರೆಲ್ಲ ನೀಲಿ ಅಂಗಿ ತೊಟ್ಟು ಕಂಪನಿ ಬಸ್ಸು ಹತ್ತಿದರು. ಮಾವನ ಮೂರು ಲೇತಿನಲ್ಲಿ ಎರಡು ಸುಮ್ಮನಾದವು. ಸದ್ದೇನೂ ಕಡಿಮೆಯಾದಂತೆ ನನಗೆ ಅನ್ನಿಸಲಿಲ್ಲ.

ಈ ಹುಚ್ಚು ಹಿಡಿದದ್ದು ಅಕ್ಕೂರಿನ ನಮ್ಮ ಮನೆಯಲ್ಲಿ. ಆಗ ಮಾವನಿಗೆ ಮದುವೆಯಾಗಿರಲಿಲ್ಲ, ಅಕ್ಕನ ಮನೆಯಲ್ಲಿದ್ದುಕೊಂಡು ಸೈಕಲ್ಲಿನಲ್ಲಿ ಚನ್ನಪಟ್ಟಣಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ಅವರಕ್ಕ ಎಂದರೆ ನನ್ನ ಅವ್ವ. ರೈತರ ಕಾರ್ಯಕ್ರಮ ಕೇಳಲೆಂದು ಅಪ್ಪ ಒಂದು ರೇಡಿಯೋ ತಂದು ಗೋಡೆಗೂಡಿನಲ್ಲಿಟ್ಟಿದ್ದರು. ಒಂದು ಸಂಜೆ ಮಾವ ಸುಮ್ಮನೆ ಅದರ ಸ್ಟೇಷನ್ ಹುಡುಕುವ ಕಿವಿ ತಿರುಗಿಸುತ್ತ ಹೋಗಿ, ಯಾವುದೋ ದೇಶದ ಸ್ಟೇಷನ್ನಿನೊಳಗೆ ಬಿದ್ದರು. ಇನ್ನೂ ಎದ್ದಿಲ್ಲ.

ನಾನು ನಾಲ್ಕು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನಾನು ಬೆಳೆದದ್ದು ಚನ್ನಪಟ್ಟಣದಲ್ಲಿ, ಹೊಸದಾಗಿ ಸಂಸಾರ ಹೂಡಿದ್ದ ಮಾವನ ಮನೆಯಲ್ಲಿ. ಅವ್ವನ ಮುಖ ಫೋಟೋದಿಂದ ಗೊತ್ತು. ದನಿ ಗೊತ್ತಿಲ್ಲ. ಗೊತ್ತು ಎಂದು ಬಹಳ ದಿನ ನಂಬಿದ್ದೆ. ಹಳೆಯ ದಿನಚರಿಗಳನ್ನು ತೆಗೆದು ನೋಡಿದರೆ ಒಂದು ಕಡೆ 'ಅವ್ವನದು ಸಣ್ಣ ದನಿ' ಎಂದಿದೆ, ಇನ್ನೊಂದು ಕಡೆ 'ಸ್ವಲ್ಪ ಒಡಕು', ಮತ್ತೊಂದು ಕಡೆ 'ತುಂಬಿದ ದನಿ'. ಮೂರೂ ನನ್ನದೇ ಅಕ್ಷರ. ಅಂದಿನಿಂದ ನೆನಪಿನ ವಿಷಯದಲ್ಲಿ ನಾನು ಸ್ವಲ್ಪ ಹುಷಾರಾಗಿರುತ್ತೇನೆ.

ಮಾವನ ಮೊದಲ ಕಷ್ಟವೆಂದರೆ ಆ ಸಂಗೀತದ ಹೆಸರು. ಅವರ ಬಾಯಲ್ಲಿ ಅದು 'ಜಾಜು' ಆಗಿತ್ತು. ನಮ್ಮ ಕಡೆ ಜಾಜು ಎಂದರೆ ಗೋಡೆಯ ಬುಡಕ್ಕೆ ಬಳಿಯುವ ಕೆಂಪು ಮಣ್ಣು. ರಾಮನಗರದ ಕ್ಯಾಸೆಟ್ ಅಂಗಡಿಗೆ ಹೋಗಿ "ಜಾಜು ಐತಾ?" ಎಂದು ಕೇಳಿದರೆ ಅಂಗಡಿಯವನು ತಲೆಯೆತ್ತದೆ "ಸುಣ್ಣದಂಗಡಿ ಎದುರುಗಡೆ" ಎಂದನಂತೆ. ಮಾವನ ಮನೆಯಲ್ಲಿ ಜಾಜು ಬೇಕಾದಷ್ಟಿದೆಯೆಂಬ ಸುದ್ದಿ ಬೀದಿಯಲ್ಲಿ ಹೇಗೋ ಹಬ್ಬಿ, ಗೌರಿ ಹಬ್ಬದ ಮುಂಚೆ ಒಬ್ಬ ಹೆಂಗಸು ತಪ್ಪಲೆ ಹಿಡಿದು ಬಂದಳು.

"ಅಣ್ಣಾ, ಒಸಿ ಜಾಜು ಕೊಡಿ."

ತನ್ನ ಆಯಸ್ಸಿನಲ್ಲಿ ಹೀಗೆ ಬಾಯ್ಬಿಟ್ಟು ಕೇಳಿದವರಲ್ಲಿ ಈಕೆಯೇ ಮೊದಲು ಎಂದು ಮಾವ ಹಿಗ್ಗಿ, ಆಕೆಯನ್ನು ಚಾಪೆಯ ಮೇಲೆ ಕೂರಿಸಿ ಟೇಪು ಹಾಕಿದರು. ಆಕೆ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಹಾಡು ತಾಳ್ಮೆಯಿಂದ ಕೇಳಿದಳು. ಆಮೇಲೆ ಎದ್ದು, ಒಳಗಿದ್ದ ಅತ್ತೆಯನ್ನು ಕೇಳಿದಳು:

"ಇದ್ನ ನೀರಲ್ಲಿ ಎಷ್ಟೊತ್ತು ನೆನೆಯಾಕ್ಬೇಕಕ್ಕಾ?"

ಇನ್ನು ಚರಿತ್ರೆಯ ವಿಷಯ. ಮಾವ ಬೆಂಗಳೂರಿನ ಫುಟ್‌ಪಾತಿನಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಂಡು ತಂದರು. ಪುಟಪುಟಕ್ಕೂ ವಾದ್ಯಗಾರರ ಫೋಟೋ. ಓದಿ ಹೇಳುವ ಕೆಲಸ ಹೈಸ್ಕೂಲಿನಲ್ಲಿದ್ದ ನನ್ನದು. ಮಾವ ಕಡೆಯುತ್ತಿದ್ದರು, ನಾನು ಲೇತಿನ ಸದ್ದಿನ ಮೇಲೆ ಕಿರುಚಿ ಅನುವಾದ ಮಾಡುತ್ತಿದ್ದೆ. ಹೆಸರುಗಳು ನನ್ನ ನಾಲಗೆಗೂ ತಿರುಗುತ್ತಿರಲಿಲ್ಲ. ಹಾಗಾಗಿ ಮಾವ ಫೋಟೋ ನೋಡಿ ತಾವೇ ನಾಮಕರಣ ಮಾಡಿದರು. ಕರ್ಚೀಪಿನವನು. ಉಬ್ಬು ಕೆನ್ನೆಯವನು. ಬೆನ್ನು ತೋರಿಸೋನು. ತಲೆಯಲ್ಲಿ ಬಿಳಿ ಹೂವಿಟ್ಟುಕೊಂಡು ಹಾಡುವ ಒಬ್ಬಾಕೆಯನ್ನು ಮಾತ್ರ 'ಹೂವಮ್ಮ' ಎಂದು ಮರ್ಯಾದೆಯಿಂದ ಕರೆದರು.

ನನ್ನ ಇಂಗ್ಲಿಷ್ ಹೇಗಿತ್ತೆಂದರೆ, ಮಾವನ ಚರಿತ್ರೆಯ ತಪ್ಪುಗಳಿಗೆಲ್ಲ ನಾನೇ ಮೂಲ ಆಕರ. ಮೊದಲ ಅಧ್ಯಾಯ ಪರವಾಗಿಲ್ಲ. ದೊಡ್ಡ ಹೊಳೆ ಸಮುದ್ರ ಸೇರುವ ಕಡೆ ಒಂದು ಬಂದರು, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು, ಅವರ ಕೈಗೆ ಸಿಕ್ಕಿದ ಹಳೆಯ ಬ್ಯಾಂಡಿನ ತುತ್ತೂರಿಗಳು. ಹೆಣ ಹೊತ್ತು ಹೋಗುವಾಗ ಮೆಲ್ಲಗೆ ಊದುವುದು, ಮಣ್ಣು ಮಾಡಿ ಬರುವಾಗ ಕುಣಿಯುವಂತೆ ಊದುವುದು. "ನಮ್ಮ ತಮಟೆಯೋರಿಗೆ ಯೋಳ್ಕೊಡ್ಬೇಕಾ ಇದ್ನ?" ಎಂದರು ಮಾವ. ಅಲ್ಲಿಂದ ಮುಂದೆ ನನ್ನ ಅನುವಾದ ದಾರಿ ತಪ್ಪಿತು. 'ಸ್ವಿಂಗ್' ಎಂಬುದನ್ನು ನಾನು ಜೋಕಾಲಿ ಎಂದೆ. ಹಾಗಾಗಿ ಮಾವನ ಪ್ರಕಾರ ದೊಡ್ಡ ದೊಡ್ಡ ಬ್ಯಾಂಡಿನವರು ಬಹಳ ವರ್ಷ ಜೋಕಾಲಿಯ ಮೇಲೆ ಕೂತು ನುಡಿಸುತ್ತಿದ್ದರು. ಬಿದ್ದು ಪೆಟ್ಟಾದ ಮೇಲೆ ಬುದ್ಧಿ ಬಂದು, ನಾಲ್ಕೈದು ಜನರ ಸಣ್ಣ ಗುಂಪು ಕಟ್ಟಿಕೊಂಡು ಯಾರಿಗೂ ಕುಣಿಯಲಾಗದಷ್ಟು ಜೋರಾಗಿ ಹಾಡನ್ನು ಓಡಿಸಿದರು. 'ಕೂಲ್' ಎಂಬುದು ತಂಗಳು ಜಾಜು. ಕಡೆಗೆ 'ಫ್ರೀ ಜಾಜ್' ಎಂಬ ಅಧ್ಯಾಯ ಬಂತು. ಅದನ್ನು ನಾನು ಪುಕ್ಕಟೆ ಜಾಜು ಎಂದು ಹೇಳಿಬಿಟ್ಟಿದ್ದೆ.

ಎಂ.ಎ. ಮುಗಿಸಿ ಬಂದು, 'ಮಾವ, ಅದು ಪುಕ್ಕಟೆ ಅಲ್ಲ, ಯಾವ ಕಟ್ಟೂ ಇಲ್ಲದೆ ಮನಸ್ಸು ಬಂದಂತೆ ನುಡಿಸುವುದು' ಎಂದು ತಿದ್ದಲು ಹೋದೆ. ಕಾಲೇಜಿನ ಲೈಬ್ರರಿಯಿಂದ ಒಂದು ತುಣುಕನ್ನೂ ತಂದು ಕೇಳಿಸಿದೆ. ಮಾವ ಪೂರ್ತಿ ಕೇಳಿದರು.

"ನೀನು ಮೊದ್ಲು ಯೋಳಿದ್ದೇ ಸರಿ ಕಣ್ಲಾ. ಇದ್ನ ದುಡ್ಡು ಕೊಟ್ಟು ಯಾರು ಕೇಳಾರು?"

ಕೇಳಿದ್ದನ್ನು ಕೈಯಲ್ಲಿ ಮಾಡಿ ನೋಡದಿದ್ದರೆ ಮಾವನಿಗೆ ಸಮಾಧಾನವಿಲ್ಲ. ಫೋಟೋ ನೋಡಿಕೊಂಡು ಒಂದು ಇಡೀ ಬ್ಯಾಂಡನ್ನೇ ಗೊಂಬೆ ಮಾಡಿದರು. ಕಪ್ಪು ಅರಗಿನ ಮೈ, ಹಳದಿ ವಾದ್ಯ. ಮೈಸೂರು ರಸ್ತೆಯ ಗೊಂಬೆಯಂಗಡಿಯೊಂದರಲ್ಲಿ ಅವನ್ನು ಮಾರಾಟಕ್ಕಿಟ್ಟರು. ಕಾರಿನಲ್ಲಿ ಬಂದ ಕುಟುಂಬವೊಂದು ಸ್ಯಾಕ್ಸೋಫೋನಿನವನ ಮುಂದೆ ನಿಂತಿತು. ಮೈ ಕಪ್ಪು, ಬಾಯಲ್ಲಿ ವಾದ್ಯ. ಇನ್ಯಾರು?

"ಕೃಷ್ಣ ಚೆನ್ನಾಗಿದ್ದಾನೆ. ಆದ್ರೆ ಕೊಳಲು ಯಾಕೆ ಬಗ್ಗಿದೆ?"

ಅಂಗಡಿಯವನು ಸುಳ್ಳು ಹುಡುಕುವಷ್ಟರಲ್ಲಿ ಅಲ್ಲೇ ಇದ್ದ ಮಾವ ಹೇಳಿದರು: "ಬಾಳ ವರ್ಸ ಊದವ್ನೆ ಸಾರ್. ಬಗ್ಗೋಯ್ತು."

ಅವರು ಕೊಂಡುಕೊಂಡು ಹೋದರು. ಎಲ್ಲೋ ಒಂದು ಮನೆಯ ದಸರೆ ಗೊಂಬೆಗಳ ನಡುವೆ, ರಾಧೆಯ ಪಕ್ಕದಲ್ಲಿ, ಆತ ಇವತ್ತಿಗೂ ನಿಂತಿರಬೇಕು. ಇದನ್ನು ಮಾವನೇ ನನಗೆ ಹೇಳಿದ್ದು. ದಿನಚರಿಯಲ್ಲಿ ಅದರ ಕೆಳಗೆ 'ಮಾವ ಕಟ್ಟಿದ್ದೂ ಇರಬಹುದು' ಎಂದು ಬರೆದುಕೊಂಡಿದ್ದೇನೆ.

ಅತ್ತೆಯ ಅಭಿಪ್ರಾಯ ಮೊದಲಿನಿಂದಲೂ ಒಂದೇ. "ಮದ್ವೆಯಾಗಿ ಬಂದ ದಿವ್ಸವೇ ಇವ್ರು ಅದ್ನ ಆಕಿದ್ರು. ಅಕ್ಕಪಕ್ಕದಲ್ಲಿ ಯಾರು ಸತ್ರು ಅಂತ ಕೇಳ್ದೆ. ಇವತ್ತಿನವರ್ಗೂ ಯೋಳಿಲ್ಲ."

ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಮಾವನ ಕಿವಿ ಕೆಟ್ಟಿತು. ಜೆಸಿಬಿಯ ಸದ್ದು ತನಗೆ ತೊಂದರೆಯೇ ಕೊಡುತ್ತಿಲ್ಲ ಎಂದು ಅವರು ಹೆಮ್ಮೆಪಟ್ಟಾಗಲೇ ನಮಗೆ ಗೊತ್ತಾಗಬೇಕಿತ್ತು. ರಾಮನಗರದ ಡಾಕ್ಟರು, ಲೇತಿನ ಸದ್ದು ಇಷ್ಟು ವರ್ಷ ಕೇಳಿದ್ದರ ಫಲ, ಉಳಿದಿರುವುದೂ ವರ್ಷ ಎರಡು ವರ್ಷದಲ್ಲಿ ಹೋಗುತ್ತದೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

"ಆ ಹಾಡೊಂದ ಪೂರ್ತಿ ಕೇಳ್ಬುಡ್ಬೇಕು ಕಣಪ್ಪ. ಅಷ್ಟ್ರೊಳಗೆ."

ಆ ಹಾಡು ಯಾವುದೆಂದು ನನಗೆ ಗೊತ್ತಿತ್ತು. ಲೇತು ತಿರುಗುವಾಗಲೆಲ್ಲ ಅವರು ಗುನುಗುವುದು ಅದನ್ನೇ. ಅಕ್ಕೂರಿನ ರೇಡಿಯೋದಲ್ಲಿ ಒಂದೇ ಒಂದು ಸಲ ಕೇಳಿದ್ದು, ಆಮೇಲೆ ಎಂದೂ ಸಿಗಲಿಲ್ಲ. ಅಷ್ಟು ವರ್ಷದಿಂದ ಕೊಂಡ ಕ್ಯಾಸೆಟ್ಟೆಲ್ಲ ಅದು ಇರಬಹುದೆಂಬ ಆಸೆಗೇ ಕೊಂಡವು.

ನಾನು ಅವರ ಗುನುಗನ್ನು ಟೇಪಿನಲ್ಲಿ ಹಿಡಿದೆ. ಲೇತು ನಿಂತರೆ ಅವರಿಗೆ ಗುನುಗಲು ಬರುವುದಿಲ್ಲ, ಹಾಗಾಗಿ ಲೇತಿನ ಸಮೇತ. ಸೈಬರ್ ಸೆಂಟರಿನಲ್ಲಿ ಹುಡುಕಿದೆ. ಆದರೆ ಗುನುಗನ್ನು ಟೈಪ್ ಮಾಡುವುದು ಹೇಗೆ? ಕೊನೆಗೆ ಬೆಂಗಳೂರಿನ ಸೀಡಿ ಅಂಗಡಿಯವರೊಬ್ಬರು, ಹಿಂದೆ ದಂಡು ಪ್ರದೇಶದ ಹೋಟೆಲುಗಳಲ್ಲಿ ಪಿಯಾನೋ ನುಡಿಸುತ್ತಿದ್ದ ಒಬ್ಬ ಮುದುಕರ ಮನೆ ತೋರಿಸಿದರು. ಅವರು ಟೇಪನ್ನು ಕಣ್ಣು ಮುಚ್ಚಿ ಕೇಳಿದರು.

"ಹಿಂದೆ ಗಿರಗಿರ ಅನ್ನೋದು ಯಾವ ಇನ್ಸ್ಟ್ರುಮೆಂಟು?"

"ಲೇತು."

"ಗುಡ್ ಟೈಮಿಂಗ್." ಇನ್ನೊಂದು ಸಲ ಕೇಳಿದರು. "ಫಸ್ಟ್ ಪಾರ್ಟ್ ನಂಗೊತ್ತು. ಲಾಸ್ಟ್ ಪಾರ್ಟೂ ಗೊತ್ತು. ನಡೂ ಮಧ್ಯ ಇರೋದು ಯಾರ್ದು ಮ್ಯಾನ್? ಆ ಟ್ರಂಪೆಟ್‌ನವನು ಇದನ್ನ ಊದೇ ಇಲ್ಲ."

ಮಾವನ ನೆನಪು ಎಲ್ಲೋ ಎರಡು ಹಾಡು ಬೆರೆಸಿದೆ ಎಂದುಕೊಂಡೆ. ನನ್ನ ನೆನಪು ಅವ್ವನ ದನಿಯನ್ನು ಮೂರು ಮಾಡಿಲ್ಲವೇ? ಮುದುಕರು ಕೊಟ್ಟ ಹೆಸರು ಹಿಡಿದು ಸೀಡಿ ಕೊಂಡು ತಂದೆ. ನಡುವಿನ ವಿಷಯ ಮಾವನಿಗೆ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ, ಪಕ್ಕದ ಮನೆಯ ಕಂಪನಿ ನೌಕರನಿಂದ ಸೀಡಿ ಪ್ಲೇಯರು ತಂದಿಟ್ಟೆವು. ಪೂರ್ತಿ ಸೌಂಡ್ ಕೊಟ್ಟರೂ ಮಾವನಿಗೆ ಸರಿಯಾಗಿ ಕೇಳಿಸದು. ಅವರು ಶೆಡ್ಡಿಗೆ ಹೋಗಿ ಗೇಣುದ್ದದ ಆಲೆಮರದ ಕೋಲು ತಂದರು. ಲೇತಿನ ಬೇರಿಂಗು ಸವೆದಿದೆಯೇ ಎಂದು ಗೊಂಬೆಯವರು ನೋಡುವುದು ಹೀಗೆ. ಕೋಲಿನ ಒಂದು ತುದಿ ಮಷಿನ್ನಿಗೆ, ಇನ್ನೊಂದು ಹಲ್ಲಿಗೆ, ಸದ್ದು ಕಿವಿಯ ಹಂಗಿಲ್ಲದೆ ಎಲುಬಿನೊಳಗೆ ಬರುತ್ತದೆ. ಮಾವ ಕೋಲಿನ ತುದಿಯನ್ನು ಸ್ಪೀಕರಿಗೆ ಒತ್ತಿ, ಈ ತುದಿ ಕಚ್ಚಿಕೊಂಡು ನೆಲದ ಮೇಲೆ ಕೂತರು.

"ಬೇರಿಂಗ್ ಹೋಗೈತಾ ನೋಡ್ತಾವ್ರೆ," ಎಂದರು ಅತ್ತೆ.

ತುತ್ತೂರಿ ಶುರುವಾಯಿತು. ಮಾವನ ಹೆಬ್ಬೆರಳು ನೆಲ ತಟ್ಟತೊಡಗಿತು. ಮುಖದಲ್ಲಿ ಏನಿತ್ತೆಂದು ಬರೆಯಲಾರೆ, ನಾನು ಬೆರಳನ್ನೇ ನೋಡುತ್ತಿದ್ದೆ. ನಡುವಿನ ಭಾಗ ಬಂತು. ಬೆರಳು ನಿಂತಿತು. ಮಾವ ಕೋಲು ತೆಗೆದರು.

"ಇಲ್ಲಿ ತಪ್ಪಿಸ್ಬುಟ್ಟವ್ನೆ."

"ಊದ್ದೋನು ಅವ್ನು," ಎಂದು ಅತ್ತೆ ಅವರ ಕಿವಿಯ ಹತ್ತಿರ ಕೂಗಿದರು. "ತಪ್ಪಿಸೋನೂ ಅವ್ನೇ. ನಿಮ್ಗೇನು?"

ಇನ್ನೆರಡು ಸಲ ಹಾಕಿದೆವು. ಎರಡು ಸಲವೂ ಅದೇ ಜಾಗದಲ್ಲಿ ಬೆರಳು ನಿಂತಿತು. ಆಗ ನಾನು, ಹೇಳಬೇಕಿತ್ತೋ ಬೇಡವೋ ಇವತ್ತಿಗೂ ಗೊತ್ತಿಲ್ಲ, ಮುದುಕರು ಹೇಳಿದ್ದನ್ನು ಕೂಗಿ ಹೇಳಿಬಿಟ್ಟೆ. ನಡುವಿನದು ಈ ಹಾಡಿನಲ್ಲಿ ಇಲ್ಲವೇ ಇಲ್ಲ ಮಾವ, ಎಂದೂ ಇರಲಿಲ್ಲ ಎಂದು.

ಮಾವ ಕೋಲನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಇಷ್ಟು ವರ್ಷ ಕಾದು, ಕಿವಿ ಮುಚ್ಚುವ ಹೊತ್ತಿಗೆ ಸಿಕ್ಕಿದ್ದು ಅವರ ಹಾಡಾಗಿರಲಿಲ್ಲ. ಅವರು ತಮ್ಮಷ್ಟಕ್ಕೆ ಗುನುಗಿದರು. ಮೊದಲ ಭಾಗ, ಆಮೇಲೆ ನಡುವಿನದು. ಅಲ್ಲಿಗೆ ನಿಲ್ಲಿಸಿದರು.

"ಇಲ್ಲಿ ರೇಡಿಯೋ ಗೊರ್ ಅಂತು ಕಣಪ್ಪ. ಸ್ಟೇಷನ್ ಹೊಂಟೋಯ್ತು. ನಾನು ಕಿವಿ ತಿರುಗುಸ್ತಾನೇ ಇದ್ದೆ."

"ಮತ್ತೆ ಇದು ಎಲ್ಲಿಂದ ಬಂತು ಮಾವ?"

ಅವರು ನನ್ನ ತುಟಿ ನೋಡಿ ಅರ್ಥಮಾಡಿಕೊಂಡರು.

"ನಿಮ್ಮವ್ವ ಒಳಗೆ ರೇಸ್ಮೆ ಹುಳಕ್ಕೆ ಸೊಪ್ಪು ಆಕ್ತಿದ್ಲು. ಅವಳು ಗುನುಗ್ತಿದ್ದಿದ್ದು ಇದು. ಗೊರ್ ಅಂದಾಗ ಅದು ಕೇಳುಸ್ತು. ಅಷ್ಟೊತ್ಗೆ ಸ್ಟೇಷನ್ ಬಂತು. ನಾನು ಎಲ್ಲಾ ಒಂದೇ ಅನ್ಕೊಂಡ್ಬುಟ್ಟಿವ್ನಿ." ಕೋಲನ್ನು ಕೆಳಗಿಟ್ಟು ಹೇಳಿದರು: "ಅವ್ನು ಏನೂ ತಪ್ಪಿಸಿಲ್ಲ ಬುಡು, ಪಾಪ."

ಚರಿತ್ರೆಯ ಮೇಷ್ಟ್ರಾಗಿ ಹೇಳುವುದಾದರೆ ಇದಕ್ಕೆ ಆಧಾರವಿಲ್ಲ. ಸಾಕ್ಷಿ ಒಬ್ಬರೇ, ಅವರಿಗೂ ಕಿವಿ ಕೇಳದು, ಘಟನೆ ಎಷ್ಟೋ ವರ್ಷ ಹಿಂದಿನದು. ದಿನಚರಿಯಲ್ಲಿ ಅದನ್ನೂ ಬರೆದಿದ್ದೇನೆ. ಆದರೆ ಅದರ ಕೆಳಗೆ 'ಮಾವ ಕಟ್ಟಿದ್ದೂ ಇರಬಹುದು' ಎಂದು ಮಾತ್ರ ಬರೆಯಲಿಲ್ಲ.

ಆ ಸೀಡಿಯನ್ನು ಅತ್ತೆ ಮಾಳಿಗೆಯ ಮೇಲೆ ರಾಗಿ ಒಣಹಾಕುವ ಕಡೆ ದಾರದಲ್ಲಿ ಕಟ್ಟಿದ್ದಾರೆ. ಗಾಳಿಗೆ ತಿರುಗಿ ಮಿಂಚುತ್ತದೆ, ಗುಬ್ಬಿ ಹತ್ತಿರ ಬರುವುದಿಲ್ಲ. ಮಾವನಿಗೆ ಈಗ ಏನೂ ಕೇಳಿಸದು. ಲೇತು ತಿರುಗುತ್ತಿದೆಯೆಂದು ಅಂಗೈಯಿಂದ ತಿಳಿದುಕೊಂಡು ಗುನುಗುತ್ತಾರೆ.

ಭಾನುವಾರ ಹೋದಾಗ ನಾನು ಅವರೆದುರು ಕೂತು, ಎರಡು ಬೆರಳನ್ನು ಗಾಳಿಯಲ್ಲಿ ರೇಡಿಯೋದ ಕಿವಿ ತಿರುಗಿಸುವಂತೆ ತಿರುಗಿಸುತ್ತೇನೆ. ಮಾವ ಒಂದು ಕ್ಷಣ ನನ್ನ ಬೆರಳು ನೋಡುತ್ತಾರೆ. ಆಮೇಲೆ ತುತ್ತೂರಿಯವನನ್ನು ಹಿಂದೆಯೂ ಮುಂದೆಯೂ ಬಿಟ್ಟು, ನಡುವಿನಿಂದ ಶುರುಮಾಡುತ್ತಾರೆ.