ಮಾವನ ಸಾಮ್ರಾಜ್ಯ, ಅತ್ತೆಯ ಗಂಟೆ

ನಮ್ಮ ಸೋದರಮಾವ ಒಬ್ಬ ಸಾಮ್ರಾಟರು. ನಗಬೇಡಿ! ಅವರಿಗೆ ಸೈನ್ಯವಿಲ್ಲ, ಕುದುರೆಯಿಲ್ಲ, ಕಿರೀಟದ ಜಾಗದಲ್ಲಿ ಅಕ್ಟೋಬರಿನಿಂದ ಮೇ ತನಕ ಮಂಕಿ ಟೋಪಿ ಇರುತ್ತದೆ, ಎಲ್ಲ ನಿಜ. ಆದರೆ ತಾನೇ ಕೊಂಡ ಮನೆಯನ್ನು ತಾನೇ ಕೋಣೆ ಕೋಣೆಯಾಗಿ ಗೆದ್ದ ಗಂಡಸು ಅಮೆರಿಕದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನೋಡೋಣ. ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಈ ದಂಡಯಾತ್ರೆ ನಡೆಯಿತು. ಸೋತವರು ಯಾರು ಎಂದಿರಾ? ಇನ್ಯಾರು, ನಮ್ಮ ಅತ್ತೆ!

ಮಾವ ಧಾರವಾಡದವರು, ಅತ್ತೆ ಮೈಸೂರಿನವರು. ಕಾರಿನ ಗೇರ್‌ಬಾಕ್ಸ್ ಎಂಜಿನಿಯರ್ ಆಗಿದ್ದ ಮಾವ ರಿಟೈರ್ ಆದ ವಾರವೇ, ಲೈಬ್ರರಿಯವರು ಬೇಡವೆಂದು ಹೊರಗಿಟ್ಟಿದ್ದ ರಾಶಿಯಿಂದ ರಷ್ಯಾದ ಇತಿಹಾಸದ ದಪ್ಪ ಪುಸ್ತಕವೊಂದನ್ನು ಎತ್ತಿಕೊಂಡು ಬಂದರು. ಅಲ್ಲಿಗೆ ಮುಗಿಯಿತು. ರಷ್ಯಾಕ್ಕೆ ಅವರು ಹೋದವರಲ್ಲ, ಹೋಗುವವರೂ ಅಲ್ಲ. ಅರವತ್ತು ಡಿಗ್ರಿ ಫ್ಯಾರನ್‌ಹೀಟಿಗೇ ಎರಡು ಸ್ವೆಟರ್ ಹಾಕುವ ಜೀವ ಅದು! ಆದರೆ ಅಲ್ಲಿನ ಹಳೇ ದೊರೆಗಳಾದ ತ್ಸಾರ್‌ಗಳು ತಲೆಗೆ ಹೊಕ್ಕರು. ಬೇಸ್‌ಮೆಂಟಿನಲ್ಲಿ ಒಂದೇ ಒಂದು ಶೆಲ್ಫು ಕೊಡು ಎಂದು ಕೇಳಿದರು. "ಒಂದು ತಾನೇ, ಇಟ್ಕೊಳ್ಳಿ" ಎಂದರು ಅತ್ತೆ. ಪಾಪ, ಅವರು ಇತಿಹಾಸ ಓದಿದವರಲ್ಲ.

"ಮಾಸ್ಕೋನೂ ಮೊದಲ ಹಿಂಗಽ ಇತ್ತವಾ," ಎಂದು ಮಾವ ನನಗೆ ವಿವರಿಸಿದರು. "ಕಾಡಿನ್ಯಾಗ ಒಂದು ಸಣ್ಣ ಊರು. ಯಾರೂ ತಿರುಗಿ ನೋಡ್ತಿದ್ದಿಲ್ಲ. ಅದಽ ಅದರ ಪುಣ್ಯಾ."

ಆಗ ಅಲ್ಲಿ ಮಂಗೋಲ್ ಖಾನನ ಯಜಮಾನಿಕೆಯಂತೆ. ಸುತ್ತಲಿನ ದೊರೆಗಳೆಲ್ಲ ಅವನಿಗೆ ಕಪ್ಪ ಒಪ್ಪಿಸಬೇಕು. ಮಾಸ್ಕೋ ದೊರೆ ಜಾಣ. 'ತಮಗೇಕೆ ತೊಂದರೆ, ಎಲ್ಲರ ಕಪ್ಪವನ್ನೂ ನಾನೇ ಸಂಗ್ರಹಿಸಿ ತರುತ್ತೇನೆ' ಎಂದು ಖಾನನ ಮುಂದೆ ಕೈಕಟ್ಟಿ ನಿಂತ. ಹಾಗೆ ಸೇವೆ ಮಾಡುತ್ತ ಮಾಡುತ್ತ ಅಕ್ಕಪಕ್ಕದ ಊರುಗಳನ್ನು ತನ್ನವು ಮಾಡಿಕೊಂಡ. ಇದನ್ನು ಓದಿದ ಮಾವ ಮರುದಿನವೇ ಅತ್ತೆಯ ಮುಂದೆ ನಿಂತು, "ನಿನ್ನ ಕಪಾಟೆಲ್ಲಾ ನಾ ನೀಟ್ ಮಾಡಿ ಕೊಡ್ತೀನಿ" ಎಂದರು. ಮದುವೆಯಾದಾಗಿನಿಂದ ಒಂದು ಟವೆಲ್ ಮಡಚದ ಗಂಡ! ಅತ್ತೆ ಹಿಗ್ಗಿ ಹೀರೇಕಾಯಿಯಾಗಿ, ಶಿಕಾಗೋ ಕಡೆಯ ವುಡ್‌ರಿಡ್ಜ್‌ನಲ್ಲಿರುವ ನನಗೆ ಫೋನ್ ಮಾಡಿ ಹೇಳಿಕೊಂಡರು. ತಿಂಗಳೊಳಗೆ ಟವೆಲ್, ಬೆಡ್‌ಶೀಟುಗಳೆಲ್ಲ ಗರಾಜಿಗೆ ಗಡೀಪಾರಾಗಿ, ಕಪಾಟುಗಳ ತುಂಬ ತ್ಸಾರ್‌ಗಳು ಕೂತಿದ್ದರು.

ಮುಂದಿನ ಸರದಿ ಮಗಳ ರೂಮಿನದು. ಮಾಸ್ಕೋದ ಇನ್ನೊಬ್ಬ ದೊರೆ, ತುರ್ಕರ ಕೈಗೆ ಬಿದ್ದುಹೋದ ಕಾನ್‌ಸ್ಟಾಂಟಿನೋಪಲ್‌ನ ರಾಜಮನೆತನದ ಹುಡುಗಿಯನ್ನು ಮದುವೆಯಾಗಿ, ಆ ಮನೆತನದ ದೊಡ್ಡಸ್ತಿಕೆಯೆಲ್ಲ ಇನ್ನು ನನ್ನದೇ ಎಂದುಬಿಟ್ಟನಂತೆ. ಆನ್ ಆರ್ಬರ್‌ನಲ್ಲಿ ಡಾಕ್ಟರಾಗಿರುವ ಮಗಳ ಮದುವೆ ಮುಗಿದ ವಾರ, ಅವಳ ರೂಮಿಗೆ ಮಾವನ ಪೆಟ್ಟಿಗೆಗಳು ಹೋದವು. "ಲಗ್ನದಿಂದ ಬಂದ ರಾಜ್ಯ ಇದು" ಎಂದರು.

"ಡ್ಯಾಡ್, ದಟ್ಸ್ ನಾಟ್ ಹೌ ಮ್ಯಾರೇಜ್ ವರ್ಕ್ಸ್!" ಎಂದು ಮಗಳು ಫೋನಿನಲ್ಲಿ ಕೂಗಿದಳು. ಫೋನು ಸ್ಪೀಕರಿನಲ್ಲಿತ್ತು, ಸಾಮ್ರಾಟರು ಪೆಟ್ಟಿಗೆ ಬಿಚ್ಚುತ್ತಿದ್ದರು.

ಒಂದು ವಸಂತದಲ್ಲಿ, ಹಿಮ ಕರಗಿದ ನೀರನ್ನು ಹೊರಹಾಕುವ ಪಂಪ್ ಕೆಟ್ಟು ಬೇಸ್‌ಮೆಂಟಿಗೆ ನೀರು ನುಗ್ಗಿತು. ಅತ್ತೆಗೆ ಒಳಗೊಳಗೇ ಖುಷಿ, ಇನ್ನಾದರೂ ಇದು ನಿಲ್ಲುತ್ತದೆ ಎಂದು. ನಿಲ್ಲುತ್ತದೆಯೇ? "ಸಮುದ್ರಕ್ಕ ದಾರಿ ಬೇಕಂತ ಒಬ್ಬ ತ್ಸಾರ್ ಜವುಗಿನ್ಯಾಗ ರಾಜಧಾನಿ ಕಟ್ಟಿದಾ. ನನಗ ಸಮುದ್ರ ಬ್ಯಾಡ, ಚಹಾಕ್ಕ ದಾರಿ ಇದ್ರ ಸಾಕು" ಎಂದು, ಅಡುಗೆಮನೆಗೆ ಅಂಟಿಕೊಂಡಿದ್ದ ಡೈನಿಂಗ್ ರೂಮಿಗೆ ರಾಜಧಾನಿಯನ್ನು ಎತ್ತಿಕೊಂಡು ಬಂದರು.

ಈ ರೂಮಿನ ಬಾಗಿಲಲ್ಲಿ ಒಂದು ಹಿತ್ತಾಳೆ ಗಂಟೆ ತೂಗುತ್ತಿತ್ತು. ಅತ್ತೆ ಮೈಸೂರಿನಿಂದ ತಂದದ್ದು. ಎರಡು ಮಹಡಿ, ಒಂದು ಬೇಸ್‌ಮೆಂಟು. ಕೂಗಿ ಕೂಗಿ ಗಂಟಲು ನೋಯುತ್ತದೆಂದು ಊಟದ ಹೊತ್ತಿಗೆ ಅದನ್ನು ಬಾರಿಸುತ್ತಿದ್ದರು. ಗಂಟೆ ಕೇಳಿಸಿತೆಂದರೆ ಯಾರು ಎಲ್ಲೇ ಇರಲಿ, ಬಂದು ಕೂರಲೇಬೇಕು. ಆ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತಿದ್ದದ್ದು ಅದೊಂದರಿಂದಲೇ.

ಮಾವ ಊಟದ ಮೇಜಿನ ಮೇಲೆ ಆರಡಿ ಉದ್ದದ ಸೈಬೀರಿಯಾ ನಕ್ಷೆ ಹಾಸಿ, ಗಂಟೆಯನ್ನು ಕಳಚಿ ಬೇಸ್‌ಮೆಂಟಿಗೆ ಒಯ್ದರು.

"ರೀ, ಅದ್ಯಾಕೆ ತೆಗೆದ್ರಿ?"

"ನೊವ್ಗೊರೊದ್ ಅಂತ ಒಂದು ಊರಿತ್ತು. ಗಂಟಿ ಬಾರಿಸಿದ್ರ ಊರ ಮಂದಿ ಎಲ್ಲಾ ಕೂಡಿ ದೊರೀಗೇ ಎದುರು ಮಾತಾಡ್ತಿದ್ರು. ಮಾಸ್ಕೋದಾವ ಆ ಊರು ಗೆದ್ದು ಗಂಟೀನ ಇಳಿಸಿಕೊಂಡು ಹೋದಾ. ಗಂಟಿ ಇರೋತನಕ ಊರು ಪೂರಾ ಗೆದ್ದಂಗಲ್ಲ."

"ಸರಿ, ಊಟ ಎಲ್ಲಿ ಬಡಿಸ್ಲಿ?"

"ಸೈಬೀರಿಯಾದ ಮ್ಯಾಲ ಮಾತ್ರ ಬ್ಯಾಡ!"

ಅಂದಿನಿಂದ ಅವರಿಬ್ಬರ ಊಟ ಅಡುಗೆಮನೆಯ ಕಟ್ಟೆಯ ಮುಂದೆ, ನಿಂತುಕೊಂಡೇ. ಒಮ್ಮೆ ನಾನು ಗೊತ್ತಿಲ್ಲದೆ ಸಾರಿನ ಪಾತ್ರೆಯನ್ನು ನಕ್ಷೆಯ ಮೇಲಿಟ್ಟೆ. ಮಾವ ಕಿರುಚಿದ್ದು ಪಕ್ಕದ ಬಡಾವಣೆಗೂ ಕೇಳಿಸಿರಬೇಕು. ಸೈಬೀರಿಯಾದ ಒಂದು ನದಿಯಲ್ಲಿ ಇವತ್ತಿಗೂ ಬೇಳೆಯಿದೆ.

ಹೀಗೆ ನಗುತ್ತಲೇ ಇದ್ದೆವು, ಅತ್ತೆಯ ಮಂಡಿ ಸವೆದು ಆಪರೇಷನ್ ನಿಗದಿಯಾಗುವ ತನಕ. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಆಪರೇಷನ್ ಆದಮೇಲೆ ಕೆಲವು ವಾರ ಮೆಟ್ಟಿಲು ಕೂಡದು, ಅಮ್ಮನ ಮಂಚ ಕೆಳಗೇ ಇರಬೇಕು ಎಂದು ಡಾಕ್ಟರ್ ಮಗಳು ಹೇಳಿದಳು. ಕೆಳಗೆ ಬಾಗಿಲಿರುವ ಕೋಣೆ ಒಂದೇ, ಡೈನಿಂಗ್ ರೂಮು. ಅತ್ತೆ ಅದನ್ನು ವಾಪಸ್ ಕೇಳಿದರು. "ಗೆದ್ದ ನೆಲಾ ಒಂದು ಇಂಚೂ ಬಿಡೂದಿಲ್ಲ" ಎಂದು ಮಾವ ಎಂದಿನ ತಮಾಷೆ ಮಾಡಿದರು. ಅತ್ತೆ ನಗಲಿಲ್ಲ.

ಆ ವಾರಾಂತ್ಯ ನಾನು ಅಲ್ಲಿಗೆ ಹೋದಾಗ ಅಡುಗೆಕಟ್ಟೆಯ ಈ ಕಡೆ ಅತ್ತೆ, ಆ ಕಡೆ ಮಾವ, ಎರಡು ದಿನದಿಂದ ಮಾತಿಲ್ಲ! ಉಗ್ರಾ ಎಂಬ ನದಿಯ ಎರಡು ದಡದಲ್ಲಿ ಮಾಸ್ಕೋದ ಸೈನ್ಯವೂ ಖಾನನ ಸೈನ್ಯವೂ ವಾರಗಟ್ಟಲೆ ಎದುರುಬದುರು ನಿಂತು, ಕೊನೆಗೆ ದೊಡ್ಡ ಯುದ್ಧವೇ ಆಗದೆ ಮನೆಗೆ ಹೋದವಂತೆ. ಇಲ್ಲೂ ಹಾಗೇ ಆಯಿತು. ಮಾವ ನಕ್ಷೆಯ ಕಡೆ ನಡೆದರು, ಅತ್ತೆ ಮೆಟ್ಟಿಲ ಕಡೆ.

ಅತ್ತೆ ಕಂಬಿ ಹಿಡಿದು ನಾಲ್ಕನೇ ಮೆಟ್ಟಿಲಲ್ಲೇ ಕೂತುಬಿಟ್ಟರು. "ಆಪರೇಷನ್ ಆದ್ಮೇಲೆ ಆನ್ ಆರ್ಬರ್‌ಗೆ ಹೋಗ್ಬಿಡ್ತೀನಿ ಕಣೇ, ಮಗಳ ಮನೆಗೆ," ಎಂದರು. "ಅಲ್ಲಿ ಎಲ್ಲ ಒಂದೇ ಫ್ಲೋರು. ವಾಪಸ್ ಬರೋದು... ನೋಡೋಣ. ಇಲ್ಲಿ ನನಗೆ ಜಾಗ ಎಲ್ಲಿದೆ ಹೇಳು?"

ಡೈನಿಂಗ್ ರೂಮಿನಲ್ಲಿ ಹಾಳೆ ತಿರುಗಿಸುವ ಸದ್ದು ನಿಂತಿತ್ತು.

ಆಪರೇಷನ್ ಆಯಿತು. ಅತ್ತೆಯನ್ನು ಆಸ್ಪತ್ರೆಯಿಂದ ಬಿಡುವ ದಿನ ನಾನು ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆ, ಅವರ ಬಟ್ಟೆಬರೆ ಕಟ್ಟಿ ಆನ್ ಆರ್ಬರ್‌ಗೆ ಸಾಗಿಸಲು. ಗರಾಜಿನ ಬಾಗಿಲು ತೆರೆದಿತ್ತು. ಇಡೀ ರಷ್ಯಾ ಹಿಮ ಎತ್ತಿಹಾಕುವ ಸ್ನೋ ಬ್ಲೋವರ್ ಪಕ್ಕ ಪೆಟ್ಟಿಗೆಗಳಲ್ಲಿ ಬಿದ್ದಿತ್ತು. ಸೈಬೀರಿಯಾ ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿತ್ತು. ಒಳಗೆ ಹೋದರೆ ಡೈನಿಂಗ್ ರೂಮಿನಲ್ಲಿ ಮೇಜೇ ಇಲ್ಲ! ಮಂಚವಿದೆ, ಅದರ ಮೇಲೆ ಗಡೀಪಾರಾಗಿದ್ದ ಬೆಡ್‌ಶೀಟು ಒಗೆಸಿಕೊಂಡು ಬಂದು ಹಾಸಿಕೊಂಡಿದೆ. ಮಾವ ಸ್ಟೂಲಿನ ಮೇಲೆ ಕೂತು, ಮಲಗಿದವರ ಕೈಗೆ ಎಟುಕುವ ಹಾಗೆ ಗೋಡೆಗೆ ಗಂಟೆ ನೇತುಹಾಕುತ್ತಿದ್ದರು.

"ಮಾಮಾ, ಆ ನೊವ್ಗೊರೊದ್‌ನವರಿಗೆ ಮಾಸ್ಕೋದವರು ಗಂಟೆ ವಾಪಸ್ ಕೊಟ್ರಾ?"

"ಇಲ್ಲವಾ." ಅಂಗಿಯ ಚುಂಗಿನಿಂದ ಗಂಟೆ ಒರೆಸಿದರು. "ಆಕಿ ಇಲ್ಲದ ಮನೀನ ನಾ ಪೂರಾ ಗೆದ್ದು ಏನ ಮಾಡ್ಲಿ, ಹೇಳು?"

ಹತ್ತು ವರ್ಷದಿಂದ ಇವರ ಕಥೆ ಹೇಳಿ ಊರನ್ನೆಲ್ಲ ನಗಿಸಿದವಳು ನಾನು. ಆಗ ಮಾತ್ರ ನಗಿಸಲು ಹೋಗದೆ, ಬಟ್ಟೆಬರೆ ಕಟ್ಟುವುದನ್ನೂ ಬಿಟ್ಟು, ಮಂಚದ ದಿಂಬು ಸರಿಮಾಡಿದೆ.

ಮಧ್ಯಾಹ್ನ ಅತ್ತೆ ಮನೆಗೆ ಬಂದರು. ಕೋಣೆಯನ್ನೂ ಗಂಟೆಯನ್ನೂ ನೋಡಿ ಮಲಗಿಕೊಂಡರು. ನಾವು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆವು. ಆಗ ಗಂಟೆ ಕೇಳಿಸಿತು. ಮಾವ ಸೋಸುವುದನ್ನು ಅಲ್ಲೇ ಬಿಟ್ಟು, ಮಂಕಿ ಟೋಪಿ ಜಾರಿ ಕಣ್ಣು ಮುಚ್ಚಿದರೂ ನಿಲ್ಲದೆ ಓಡಿದರು.

"ಏನು? ಏನಾತು? ನೋವಾ? ನೀರು ಬೇಕಾ?"

"ಏನಿಲ್ಲ ರೀ," ಎಂದರು ಅತ್ತೆ. "ಬರ್ತೀರೋ ಇಲ್ವೋ ಅಂತ ನೋಡ್ದೆ."