ಬೇರೆ ಗ್ರಾಫಿಕ್ಸ್ ಕಾರ್ಡು

ಟೈಲರ್ ಮಾಸ್ಟರು ಆ ದಿನ ಮಾಡಿದ ತಪ್ಪು ಒಂದೇ. ಎದುರಿನ ಔಷಧಿ ಅಂಗಡಿಯವರ ಸೊಂಟದ ಅಳತೆ ತೆಗೆಯುತ್ತಾ, ಬಾಯಿ ಸುಮ್ಮನಿರಲಾರದೆ, "ಸಂಜೆ ಮಗಳಿಗೆ ಲ್ಯಾಪ್‌ಟಾಪ್ ನೋಡ್ಬೇಕು ಸಾರ್" ಅಂದುಬಿಟ್ಟರು.

ಮಗಳಿಗೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕಿ ವಾರವಾಗಿತ್ತು. ಅವತ್ತು ಹೊಸಬರ ಮೊದಲ ಸಭೆಗೆಂದು ಕಾಲೇಜಿಗೆ ಹೋಗಿದ್ದಳು. ಹೊರಡುವಾಗ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟಿದ್ದಳು: "ಹದಿನಾರು ಜಿಬಿ ರ‍್ಯಾಮ್ ಇರ್ಬೇಕು, ಬೇರೆ ಗ್ರಾಫಿಕ್ಸ್ ಕಾರ್ಡ್ ಇರ್ಬೇಕು. ಇಲ್ದಿದ್ರೆ ಡ್ರಾಯಿಂಗ್ ಸಾಫ್ಟ್‌ವೇರ್ ಓಡಲ್ವಂತೆ. ಸಂಜೆ ಇಬ್ರೂ ಹೋಗಿ, ಇರೋದ್ರಲ್ಲಿ ಅಗ್ಗದ್ದು ಹುಡುಕೋಣ. ನೀನೊಬ್ನೇ ಹೋಗ್ಬೇಡ ಅಪ್ಪಾ."

ಔಷಧಿ ಅಂಗಡಿಯವರು ಸೊಂಟಕ್ಕೆ ಸುತ್ತಿದ ಟೇಪಿನ ಸಮೇತ ಗರ್ರನೆ ತಿರುಗಿದರು. "ಸಂಜೆವರೆಗಾ? ಕಂಪ್ಯೂಟರ್ ಅಂಗಡಿ ರಿಯಾಯಿತಿ ಇವತ್ತೇ ಕೊನೆ ಮಾಸ್ಟ್ರೇ! ಮಧ್ಯಾಹ್ನಕ್ಕೆಲ್ಲ ಅಂಗಡಿ ಖಾಲಿ. ಏಳಿ, ಸುಮ್ನೆ ನೋಡ್ಕೊಂಡಾದ್ರೂ ಬರೋಣ."

ಮಾಸ್ಟರಿಗೆ ಯಾರಿಗೂ ಇಲ್ಲವೆನ್ನುವ ಅಭ್ಯಾಸವಿರಲಿಲ್ಲ. ಅಂಗಡಿ ಬಾಗಿಲೆಳೆದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಗಣಿತದ ಮೇಡಂ ಚಪ್ಪಲಿ ಮೆಟ್ಟಿಕೊಂಡು ಬಂದರು. "ಲೆಕ್ಕದ ಯಂತ್ರ ಕೊಳ್ಳೋಕೆ ಹೊರಟು ನನ್ನ ಕರೀಲಿಲ್ವಲ್ಲ!" ಮೂಲೆಯ ಜೆರಾಕ್ಸ್ ಅಂಗಡಿಯಿಂದ ಭಾವಮೈದ ಧುಮುಕಿದ. ದಿನಾ ಜೆರಾಕ್ಸ್ ಯಂತ್ರದ ಹೊಟ್ಟೆಯಿಂದ ಸಿಕ್ಕಿಬಿದ್ದ ಹಾಳೆ ಎಳೆಯುತ್ತಿದ್ದುದರಿಂದ, ಕರೆಂಟಿನಲ್ಲಿ ನಡೆಯುವ ಯಾವುದಕ್ಕೇ ಆಗಲಿ ತಾನೇ ವೈದ್ಯನೆಂದು ಅವನ ನಂಬಿಕೆ. "ಭಾವಾ, ನೀವು ಬಾಯಿ ಬಿಡ್ಬೇಡಿ. ಮಾತಾಡೋದೆಲ್ಲ ನಂಗೆ ಬಿಡಿ."

ದಾರಿಯುದ್ದಕ್ಕೂ ಮೂವರೂ ಮಾತಾಡಿದರು. ಮಾಸ್ಟರು ಮಾತ್ರ ಬ್ಯಾಂಕಿನ ಖಾತೆಯನ್ನು ನೆನೆಯುತ್ತಾ ನಡೆದರು. ಅದರಲ್ಲಿ ಎರಡು ಆಸೆಗಳು ಒಂದೇ ಹಾಸಿಗೆಯಲ್ಲಿ ಮಲಗಿದ್ದವು. ಒಂದು ಮಗಳ ಲ್ಯಾಪ್‌ಟಾಪು, ಇನ್ನೊಂದು ಮೋಟಾರಿನ ಹೊಲಿಗೆ ಯಂತ್ರ. ಇಪ್ಪತ್ತೆರಡು ವರ್ಷ ಪೆಡಲು ತುಳಿದ ಅವರ ಬಲಗಾಲಿನ ಮಂಡಿ ಈಗ ಸಂಜೆಯಾದರೆ ಬನ್ನಿನಂತೆ ಉಬ್ಬುತ್ತಿತ್ತು. ಅಗ್ಗದ ಲ್ಯಾಪ್‌ಟಾಪ್ ಸಿಕ್ಕಿದರೆ ಮೋಟಾರೂ ಬರುತ್ತದೆ. ಇಲ್ಲದಿದ್ದರೆ ಇಲ್ಲ.

ಅಂಗಡಿಯಲ್ಲಿ ಸೇಲ್ಸ್‌ಮನ್ ನಗುತ್ತಲೇ ಬಂದ. "ಹದಿನೈದು ಪಾಯಿಂಟ್ ಆರು ಇಂಚು ಸಾರ್, ದೊಡ್ಡ ಸ್ಕ್ರೀನು."

ಇಂಚು ಎಂದ ಕೂಡಲೇ ಮಾಸ್ಟರಿಗೆ ಧೈರ್ಯ ಬಂತು. ಕೊರಳಲ್ಲಿದ್ದ ಟೇಪು ಎಳೆದು ಅಳೆದರು. "ಹದಿಮೂರೂವರೆನೇ ಬರ್ತಿದೆಯಲ್ರೀ?"

"ಮೂಲೆಯಿಂದ ಮೂಲೆಗೆ ಅಳೀಬೇಕು ಸಾರ್."

"ಓರೆಯಾಗಾ? ನಾನು ಎಡ ಹೆಗಲಿಂದ ಬಲ ಮೊಣಕಾಲಿಗೆ ಅಳೆದು ನಿಮಗೆ ಅಂಗಿ ಹೊಲಿದ್ರೆ ಹಾಕ್ಕೋತೀರಾ?"

ಸೇಲ್ಸ್‌ಮನ್ನಿನ ನಗು ಅರ್ಧ ಇಳಿಯಿತು. ಉಳಿದರ್ಧವನ್ನು ಮೇಡಂ ಇಳಿಸಿದರು. ಅವನನ್ನೇ ಕೂರಿಸಿ ಹದಿನೇಳರ ಮಗ್ಗಿ ಟೈಪು ಮಾಡಿಸಿದರು. ಹದಿನೇಳೇಳಲ ಎಷ್ಟೆಂದು ಅವನು ತಡವರಿಸಿದಾಗ, "ಯಂತ್ರ ಪರವಾಗಿಲ್ಲ. ಮಾರೋನೇ ವೀಕು" ಎಂದು ತೀರ್ಪಿತ್ತರು. ಔಷಧಿ ಅಂಗಡಿಯವರು ಪ್ರತಿಯೊಂದನ್ನೂ ತಿರುಗಿಸಿ ಎಕ್ಸ್‌ಪೈರಿ ದಿನಾಂಕ ಹುಡುಕುತ್ತಿದ್ದರು.

ಕೊನೆಗೂ ಮಾಸ್ಟರ ಕಣ್ಣು ಒಂದರ ಮೇಲೆ ನಿಂತಿತು. ಹದಿನಾರು ಜಿಬಿ ಇತ್ತು, ಬೆಲೆಯೂ ಕೈಗೆಟುಕುವಂತಿತ್ತು. ಸಂಜೆ ಮಗಳನ್ನು ಕರೆತಂದು ತೋರಿಸಿದರಾಯಿತು ಎಂದುಕೊಂಡು ಅವರು ಮೊದಲ ಸಲ ನೆಟ್ಟಗೆ ಉಸಿರುಬಿಟ್ಟರು.

"ಇದ್ರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಾ?" ಎಂದು ಭಾವಮೈದ ಗದರಿದ.

"ಇದ್ರಲ್ಲಿಲ್ಲ ಸಾರ್. ಆ ದೊಡ್ಡ ಡಬ್ಬದಲ್ಲಿರೋದಕ್ಕೆ ಇದೆ. ರೇಟು ಸ್ವಲ್ಪ ಮೇಲೆ" ಎಂದು ಸೇಲ್ಸ್‌ಮನ್ ಬೇರೆ ಗಿರಾಕಿಯತ್ತ ತಿರುಗಿದ.

ಬೇರೆ ಕಾರ್ಡ್ ಎಂದರೆ ಬೇರೆಯಾಗಿಯೇ ಕೈಗೆ ಸಿಗುವಂಥದ್ದು ಎಂದು ಭಾವಮೈದನ ಲೆಕ್ಕ. "ಭಾವಾ, ಇಂಥವ್ರನ್ನ ನಂಬಬಾರ್ದು. ಕಾರ್ಡ್ ಎತ್ತಿಟ್ಕೊಂಡು ಖಾಲಿ ಡಬ್ಬ ಕೊಟ್ಬಿಡ್ತಾರೆ." ಮಾಸ್ಟರು "ಏಯ್, ಏಯ್" ಎನ್ನುವಷ್ಟರಲ್ಲಿ ಅವನ ಬೀಗದ ಕೈ ದೊಡ್ಡ ಡಬ್ಬದ ಸೀಲಿನ ಮೇಲೆ ಚರ್ರೆಂದು ಹರಿದಿತ್ತು. ಥರ್ಮೋಕೋಲು, ವೈರು, ಪ್ಲಾಸ್ಟಿಕ್ಕು ಎಲ್ಲ ಮೇಜಿನ ಮೇಲೆ ಹರಡಿದವು. ಮೇಡಂ ಒಂದು ಕಾಗದ ಹಿಡಿದು "ಇದೇ ಇರ್ಬೇಕು" ಎಂದರು. ಅದು ವಾರಂಟಿ ಕಾರ್ಡು.

ಮ್ಯಾನೇಜರ್ ಓಡಿಬಂದ. "ಕಾರ್ಡು ಒಳಗೇ ಕೂತಿರುತ್ತೆ ಸ್ವಾಮೀ! ಸೀಲ್ ಒಡೆದ ಮೇಲೆ ಇದು ನಿಮ್ದೇ. ಬಿಲ್ ಹಾಕ್ಲಾ?"

ಮಾಸ್ಟರು ಬೆಲೆಯ ಚೀಟಿ ನೋಡಿದರು. ಮಂಡಿ ಅಲ್ಲೇ ಒಮ್ಮೆ ಚಳಕ್ ಎಂದಿತು. ತಿರುಗಿ ನೋಡಿದರೆ ಭಾವಮೈದ ಗೋಡೆಯ ಫ್ಯಾನು ಪರೀಕ್ಷಿಸುತ್ತಿದ್ದ, ಔಷಧಿ ಅಂಗಡಿಯವರು ಫೋನಿನಲ್ಲಿದ್ದರು. ಮೇಡಂ ಮಾತ್ರ ಹತ್ತಿರ ಬಂದು, "ಓದಿಗೆ ಹಾಕಿದ್ದು ಎಲ್ಲೂ ಹೋಗಲ್ಲ ಬಿಡಿ" ಎಂದರು. ಮಾಸ್ಟರು ಹಣ ಕಟ್ಟಿದರು. ಖಾತೆಯಲ್ಲಿ ಒಂದು ಆಸೆಗೂ ಜಾಗ ಉಳಿಯಲಿಲ್ಲ.

ಹೋಗಲಿ, ಮಗಳು ನಕ್ಕರೆ ಸಾಕೆಂದು ಸಂಜೆ ಅಂಗಡಿಯಲ್ಲಿ ಕಾದು ಕೂತರು. ಮೂವರು ಸಲಹೆಗಾರರೂ ಆ ನಗು ನೋಡಲೆಂದೇ ಬಂದು ಸ್ಟೂಲು ಹಿಡಿದಿದ್ದರು. ಮಗಳು ಬಗಲಲ್ಲಿ ದೊಡ್ಡದೊಂದು ಕಾಗದದ ಸುರುಳಿ ಇಟ್ಟುಕೊಂಡು ಓಡುತ್ತಲೇ ಬಂದಳು.

"ಅಪ್ಪಾ! ಲ್ಯಾಪ್‌ಟಾಪೇ ಬೇಡ್ವಂತೆ! ಮೊದಲ್ನೇ ವರ್ಷ ಡ್ರಾಯಿಂಗೆಲ್ಲ ಕೈಯಲ್ಲೇ. ಕ್ಲಾಸಿಗೆ ತಂದ್ರೆ ಕಿತ್ತಿಟ್ಕೋತಾರಂತೆ. ಮುಂದಿನ ವರ್ಷ ನೋಡ್ಕೊಳ್ಳೋಣ. ನೀನು ಮೊದ್ಲು ನಿನ್ನ ಮೋಟಾರ್ ಮಷಿನ್ ತಗೋ!"

ಆಮೇಲೆ ಅವಳ ಕಣ್ಣು ಡಬ್ಬದ ಮೇಲೆ ಬಿತ್ತು, ಹರಿದ ಸೀಲಿನ ಮೇಲೆ ಬಿತ್ತು, ಕೊನೆಗೆ ಅಪ್ಪನ ಮುಖದ ಮೇಲೆ. ಅವಳು ಸುರುಳಿಯನ್ನು ಡಬ್ಬದ ಪಕ್ಕಕ್ಕೆ ಒರಗಿಸಿದಳು. ಮಾಸ್ಟರಿಗೆ ಬೈಸಿಕೊಂಡಿದ್ದರೇ ಹಗುರಾಗುತ್ತಿತ್ತು.

ಅವಳು ಮೆಲ್ಲಗೆ ಹೇಳಿದಳು, "ಸೋಮವಾರಕ್ಕೆ ನಾಲ್ಕು ಶೀಟ್ ಬರ್ಕೊಂಡು ಹೋಗ್ಬೇಕು ಅಪ್ಪಾ. ಅದಕ್ಕೆ ಅಗಲವಾದ ಬೋರ್ಡು ಬೇಕಂತೆ. ಈಗ ಅದಕ್ಕೂ..."

"ಕೊಳ್ಳೋದ್ಯಾಕೆ?" ಔಷಧಿ ಅಂಗಡಿಯವರಿಗೆ ಜೀವ ಬಂತು. "ಇಲ್ಲೇ ಇದೆಯಲ್ಲ!"

ಎಲ್ಲರೂ ಮಾಸ್ಟರು ಬಟ್ಟೆ ಕತ್ತರಿಸುವ ಮೇಜಿನತ್ತ ನೋಡಿದರು. ಮೇಡಂ ಅಂಗೈ ಆಡಿಸಿ, ಮಟ್ಟ ಸರಿಯಾಗಿದೆ ಎಂದು ಸರ್ಟಿಫಿಕೇಟು ಕೊಟ್ಟರು. ಐದು ನಿಮಿಷದಲ್ಲಿ ಮೇಜಿನ ಮೇಲೆ ಮಗಳ ಬಿಳಿಯ ಹಾಳೆ ಹರಡಿತ್ತು. ಮಾಸ್ಟರು ಔಷಧಿ ಅಂಗಡಿಯವರ ಪ್ಯಾಂಟಿನ ಬಟ್ಟೆಯನ್ನು ನೆಲಕ್ಕೆ ಹಾಸಿಕೊಂಡು, ಊದಿದ ಮಂಡಿಯನ್ನು ಒಂದು ಕಡೆ ಚಾಚಿ, ಕತ್ತರಿ ಹಿಡಿದರು.

ಹೊರಟಿದ್ದ ಭಾವಮೈದ ಬಾಗಿಲಲ್ಲಿ ನಿಂತ.

"ಭಾವಾ, ಮರೆತಿದ್ದೆ. ಲ್ಯಾಪ್‌ಟಾಪ್‌ನ ವರ್ಷಪೂರ್ತಿ ಸುಮ್ನೆ ಇಟ್ರೆ ಬ್ಯಾಟರಿ ಸತ್ತೋಗುತ್ತೆ. ದಿನಾ ಎರಡು ಗಂಟೆ ಚಾರ್ಜಿಗೆ ಹಾಕ್ಬೇಕು."

ಅಂಗಡಿಯಲ್ಲಿದ್ದದ್ದು ಒಂದೇ ಪ್ಲಗ್ಗು. ಮಾಸ್ಟರು ಗೋಡೆ ಹಿಡಿದು ಎದ್ದು, ಆಗಷ್ಟೇ ಕಾದಿದ್ದ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತರು.